ಭಾರದ ಗುಂಡು ಮೇಲಕ್ಕೆ ಹೋಗುತ್ತದೆ

ನಮ್ಮ ತಾಲೂಕಿನಲ್ಲಿ ಪಿಸ್ತೂಲು ಇಟ್ಟುಕೊಂಡ ಸಂಸಾರಸ್ಥರು ಒಬ್ಬರೇ ಇದ್ದರು, ಅವರು ನನ್ನ ಭಾವ. ನಮ್ಮ ತಾಲೂಕಿನಲ್ಲಿ ಯಾವ ಪ್ರಾಣಿಯೂ ಹೆದರದ ಮನುಷ್ಯರೂ ಒಬ್ಬರೇ ಇದ್ದರು, ಅವರೂ ನನ್ನ ಭಾವನೇ! ಹೊನ್ನಾವರದ ಕಾಗೆಗಳಿಗೆ ಕವಣೆ ಹಿಡಿದ ಪೋರರನ್ನು ಕಂಡರೆ ಜೀವ ಹಾರುತ್ತಿತ್ತು. ಭಾವ ಅಂಗಳದಲ್ಲಿ ಪಿಸ್ತೂಲು ಬಿಚ್ಚಿ ನಳಿಗೆ ಒರೆಸುತ್ತ ಕೂತರೆ ಅವೇ ಕಾಗೆಗಳು ಪಕ್ಕಕ್ಕೆ ಬಂದು ಕೂತು, ಕತ್ತು ಓರೆಮಾಡಿ ನೋಡಿ, ಕೊನೆಗೆ ಎಣ್ಣೆ ಬಟ್ಟೆಯನ್ನೇ ಕಚ್ಚಿಕೊಂಡು ಹೋಗುತ್ತಿದ್ದವು. ಭಾವ “ಏಯ್, ಅದು ಒರೆಸುವ ಬಟ್ಟೆ!” ಎಂದು ಕೂಗುತ್ತಿದ್ದರೇ ಹೊರತು ಕೈಯಲ್ಲಿ ಏನಿದೆ ಎಂಬುದು ಅವರಿಗೂ ನೆನಪಿರುತ್ತಿರಲಿಲ್ಲ, ಕಾಗೆಗಳಿಗೂ ಇರುತ್ತಿರಲಿಲ್ಲ. ಜಿರಲೆ ಕಂಡರೆ ಅಕ್ಕನನ್ನು ಕರೆಯುವ ಮನುಷ್ಯ! ಜೀವಮಾನದಲ್ಲಿ ಅವರು ಬೇಟೆಯಾಡಿದ್ದು ಒಂದೇ ಜಾತಿಯ ಪ್ರಾಣಿಯನ್ನು. ಅದರ ಹೆಸರು ಕಾಗದ.

‘ಪಿಸ್ತೂಲು’ ಎಂದು ಬರೆದೆನಲ್ಲ, ಭಾವ ಪಕ್ಕದಲ್ಲಿದ್ದರೆ ಇಷ್ಟರಲ್ಲಿ ತಿದ್ದಿರುತ್ತಿದ್ದರು. “ಅದು ಪಿಸ್ತೂಲಲ್ಲ ಮಾಣಿ, ರಿವಾಲ್ವರ್. ಗುಂಡಿನ ಮನೆ ತಿರುಗ್ತು ನೋಡು, ಅದಕ್ಕೆ.” ತಿರುಗುವುದೆಲ್ಲ ರಿವಾಲ್ವರ್ ಆದರೆ ನಮ್ಮ ಬೀಸುಕಲ್ಲು ಎಂತದು ಎಂದು ನಾನು ಒಮ್ಮೆ ಕೇಳಿದ್ದೆ. ಬೇರೆಯವರಾದರೆ ಬೈಯುತ್ತಿದ್ದರು. ಭಾವ ಅರ್ಧ ಲೋಟ ಚಹಾ ಕುಡಿಯುವಷ್ಟು ಹೊತ್ತು ಯೋಚಿಸಿ, “ಅದಕ್ಕೆ ನಳಿಗೆ ಇಲ್ಲೆ” ಎಂದರು.

ನನ್ನ ಬಗ್ಗೆಯೂ ಎರಡು ಮಾತು ಹೇಳಬೇಕು. ಹೇಳದಿದ್ದರೂ ಹೊನ್ನಾವರದವರು ಹೇಳಿಯೇ ಹೇಳುತ್ತಾರೆ. ನಾನಾಗ ಅಲ್ಲಿಯ ಕಚೇರಿಯೊಂದರಲ್ಲಿ ಗುಮಾಸ್ತ. ಬಿಡಾರ ಅಕ್ಕ-ಭಾವನ ಮನೆಯಲ್ಲಿ. ಹಗಲು ಕಡತ ನಕಲು ಮಾಡುತ್ತಿದ್ದೆ, ಸಂಜೆ ಜನರನ್ನು. ಸಾಹೇಬರ ಕೆಮ್ಮು, ಬಸ್ ಕಂಡಕ್ಟರನ ಮೂಗಿನ ಕೂಗು, ಮೀನು ಮಾರುವ ಹೆಂಗಸಿನ ಸೊಂಟದ ತಿರುವು, ಯಾವುದೂ ನನ್ನಿಂದ ತಪ್ಪಿಸಿಕೊಂಡಿರಲಿಲ್ಲ. ಆದರೆ ಹೊಟೇಲಿನ ಬೆಂಚಿನ ಸುತ್ತ ಜನ ನೆರೆಯುತ್ತಿದ್ದದ್ದು ಭಾವನ ನಕಲಿಗೆ. ಎಡಗೈ ಸೊಂಟದ ಹಿಂದೆ, ಬಲಗೈ ನೀಟಾಗಿ ಮುಂದೆ, ಒಂದು ಕಣ್ಣು ಮುಚ್ಚಿ, ಹೊಟ್ಟೆ ಒಳಗೆಳೆದು, “ಉಸುರು ಬಿಡಲಾಗ್ತಿಲ್ಲೆ ಮಾಣಿ” ಎಂದು ಹೇಳಲಿಕ್ಕಾಗಿಯೇ ಹಿಡಿದ ಉಸಿರೆಲ್ಲ ಬಿಟ್ಟು, ಮತ್ತೆ ಮೊದಲಿನಿಂದ ಶುರು ಮಾಡುವುದು! ಜನ ನಕ್ಕು ಚಹಾ ಕೊಡಿಸುತ್ತಿದ್ದರು. ಅದೇ ಚಹಾವನ್ನು ಎಷ್ಟೋ ಸಲ ಭಾವನೂ ಪಕ್ಕದಲ್ಲಿ ಕೂತು ಕುಡಿದಿದ್ದಾರೆ. ಕುಡಿದು, “ಮೊಣಕೈ ಇನ್ನೂ ಸ್ವಲ್ಪ ಮೇಲೆ” ಎಂದು ನನ್ನನ್ನು ತಿದ್ದಿದ್ದಾರೆ!

ಭಾವ ಮುಂಬಯಿ ಸರಕಾರದ ಕಾಲದಲ್ಲಿ ಸುಂಕದ ಇಲಾಖೆಯಲ್ಲಿದ್ದವರು. ನೌಕರಿ ಮುಗಿದ ಮೇಲೆ ಅವರ ಪಾಲಿಗೆ ಉಳಿದದ್ದು ಪಿಂಚಣಿ, ಒಂದು ಖಾಕಿ ಟೊಪ್ಪಿ ಮತ್ತು ಪರವಾನಗಿಯ ಸಮೇತ ಈ ಪಿಸ್ತೂಲು. ಪರದೇಶದ ತೋಟೆಗಳು ಸಿಗುವ ತನಕ ಎಲ್ಲವೂ ಸುಗಮವಾಗಿತ್ತು. ಅವು ಬರುವುದು ನಿಂತಿತು. ಭಾವ ಸುಮ್ಮನೆ ಕೂರುವವರೇ? ಹಾರಿಸಿದ ಹಿತ್ತಾಳೆಯ ತೋಟೆಗಳನ್ನೆಲ್ಲ ಆರಿಸಿ ಇಟ್ಟಿದ್ದರು. ಕಾನೂನಿನ ಪ್ರಕಾರ ಮದ್ದು, ಅದಕ್ಕೆ ಕಿಡಿ ಹೊತ್ತಿಸುವ ಕೇಪು ತರಿಸಿದರು. ಸೀಸ ಕರಗಿಸಿ ಸಣ್ಣದೊಂದು ಕಬ್ಬಿಣದ ಅಚ್ಚಿನಲ್ಲಿ ತಾವೇ ಗುಂಡು ಎರೆದು, ಖಾಲಿ ತೋಟೆಯ ಬಾಯಿಗೆ ಕೂರಿಸತೊಡಗಿದರು. ಸೀಸ ಕರಗಿಸಲು ಅಕ್ಕನ ಕಬ್ಬಿಣದ ಸೌಟೇ ಹೋಯಿತು. “ಆ ಸೌಟು ಇನ್ನು ಎನ್ನ ಅಡುಗೆಮನೆಗೆ ಬಪ್ಪಲಾಗ್ತಿಲ್ಲೆ, ಅದನ್ನ ಹಿಡಕಂಡವ್ರೂ ಕೈ ತೊಳೀದೆ ಬಪ್ಪಲಾಗ್ತಿಲ್ಲೆ!” ಎಂದು ಅಕ್ಕ ಸೌಟನ್ನೂ ಗಂಡನನ್ನೂ ಒಟ್ಟಿಗೇ ಹೊರಗೆ ಹಾಕಿದಳು. ಅವಳಿಗೆ ಪಿಸ್ತೂಲು ಎಂದರೆ ಪೀಡೆ. ಅದು ಮನೆಯೊಳಗೆ ಬಂದು ಇಷ್ಟು ವರ್ಷವಾಗಿದ್ದರೂ ಒಂದು ದಿನ ಅದನ್ನಾಗಲಿ ಅದರ ಗುಂಡನ್ನಾಗಲಿ ಅವಳು ಬೆರಳಿನಿಂದ ಮುಟ್ಟಿರಲಿಲ್ಲ.

ಈಗ ಬಂತು ನೋಡಿ ತಾಪತ್ರಯ. ಮನೆಯಲ್ಲಿ ಎರೆದ ಗುಂಡು ಗುರಿಗಿಂತ ನಾಲ್ಕು ಬೆರಳು ಕೆಳಗೆ ಬೀಳುತ್ತಿತ್ತು! ಪ್ರತಿ ಸಲವೂ ಕೆಳಗೆ. “ಅಷ್ಟೇ ಅಲ್ದಾ ಭಾವ? ನಾಲ್ಕು ಬೆರಳು ಮೇಲೆ ಗುರಿ ಇಟ್ರೆ ಆತು” ಎಂದೆ. ಭಾವ ನನ್ನನ್ನು ಕನಿಕರದಿಂದ ನೋಡಿದರು. “ನೋಡದೊಂದು ಕಡೆ, ಹೊಡೆಯದೊಂದು ಕಡೆ. ಅದು ರಾಜಕಾರಣ ಮಾಣಿ. ಗುರಿ ಅಲ್ಲ.”

ಹಾಗಾದರೆ ಕೈ ನಡುಗುತ್ತದೆಯೋ ಏನೋ ಎಂದು ಹೊಟೇಲಿನಲ್ಲಿ ಯಾರೋ ಅಂದರು. ಆ ದಿನ ಭಾವನಿಗೆ ಸಿಟ್ಟು ಬಂದದ್ದನ್ನು ನಾನು ಮೊದಲ ಸಲ ಕಂಡೆ. ಅಲ್ಲೇ ಬಲಗೈ ನೀಡಿ, ಅಂಗೈ ಕೆಳಗಾಗಿಸಿ, ತುಂಬಿದ ಚಹಾ ಲೋಟವನ್ನು ಅದರ ಮೇಲೆ ಇಡಿಸಿಕೊಂಡರು. ಚಹಾ ಆರಿ ಕೆನೆ ಕಟ್ಟಿತು, ಕೆನೆ ಅಲುಗಲಿಲ್ಲ. “ಗುಂಡಿನ ಬಗ್ಗೆ ಎಂತಾರೂ ಹೇಳಿ, ಮದ್ದಿನ ಬಗ್ಗೆ ಹೇಳಿ. ಎನ್ನ ಕೈ ಬಗ್ಗೆ ಮಾತಾಡಡಿ” ಎಂದರು. ಆಮೇಲೆ ಊರಿನಲ್ಲಿ ಯಾರೂ ಆಡಲಿಲ್ಲ. ಆ ಆರಿದ ಚಹಾವನ್ನು ನಾನು ಕುಡಿದೆ, ಅದು ಬೇರೆ ಮಾತು.

ಇಷ್ಟೇ ಆಗಿದ್ದರೆ ಗುಂಡು ಎಲ್ಲಿ ಬಿದ್ದರೆ ಯಾರಿಗೇನು ನಷ್ಟ? ಆದರೆ ಚೀನಾದ ಗಲಾಟೆ ಮುಗಿದ ಮರುವರ್ಷ ಸರಕಾರಕ್ಕೆ ಊರೂರಿನ ಕೋವಿಗಳ ಮೇಲೆ ಕಣ್ಣು ಬಿತ್ತು. ಹಂದಿ, ಮಂಗ ಓಡಿಸಲು ಕೋವಿ ಇಟ್ಟವರನ್ನು ಬಿಟ್ಟರು. ಭಾವನನ್ನು ಕುಮಟೆಗೆ ಕರೆಸಿದರು. ಪರವಾನಗಿ ನೋಡುವ ಅಲ್ಲಿಯ ಸಾಹೇಬರು ಹೊಸಬರು, ಘಟ್ಟದ ಮೇಲಿನವರು. ನಾನು ಭಾವನ ಜೊತೆಗೆ ಹೋಗಿದ್ದೆ, ಸಾಹೇಬರ ದನಿಯನ್ನು ಕಲಿತು ಬರೋಣವೆಂದು.

“ನಿಮಗೆ ಪಿಸ್ತೂಲು ಯಾತಕ್ಕೆ ಬೇಕು?”

“ರಿವಾಲ್ವರ್, ಸಾಹೇಬರೇ.”

“ಯಾತಕ್ಕೆ ಬೇಕು?”

“ಕಾಗದಕ್ಕೆ ಹೊಡೆಯಲು.”

“ಕಾಗದ ನಿಮಗೇನ್ರೀ ಅನ್ಯಾಯ ಮಾಡಿದೆ?”

ಕೊನೆಗೆ ಸಾಹೇಬರು ಒಂದು ತೀರ್ಮಾನ ಕೊಟ್ಟರು. ಮಳೆಗಾಲ ಕಳೆದ ಮೇಲೆ ಕುಮಟೆಯಲ್ಲಿ ಗುರಿ ಹೊಡೆಯುವ ಸ್ಪರ್ಧೆ. ಆರು ಗುಂಡು. ನಾಲ್ಕು ನಡುವಿನ ಕಪ್ಪು ವರ್ತುಲದೊಳಗೆ ಬಿದ್ದರೆ ಭಾವ ನಿಜವಾದ ಆಟಗಾರರೆಂದು ಸಾಹೇಬರು ಬರೆದುಕೊಡುತ್ತಾರೆ, ಪರವಾನಗಿ ಉಳಿಯುತ್ತದೆ. ಇಲ್ಲದಿದ್ದರೆ ಪಿಸ್ತೂಲನ್ನು ಅಲ್ಲೇ ಜಮಾ ಮಾಡಿ ಬರಿಗೈಯಲ್ಲಿ ಬಸ್ಸು ಹತ್ತಬೇಕು.

ಆ ದಿನ ಭಾವ ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದರು. ಅಕ್ಕ ಸಂಗತಿ ಕೇಳಿ, “ಹೋದ್ರೆ ಹೋಗ್ಲಿ, ಪೀಡೆ ಹೋತು” ಎಂದಳು. ಭಾವ ಊಟವಾದ ಮೇಲೆ ಆ ಪೀಡೆಯನ್ನು ತೊಡೆಯ ಮೇಲಿಟ್ಟುಕೊಂಡು, ನಿದ್ದೆ ಹೋದ ಕೂಸಿನ ಬೆನ್ನು ತಟ್ಟುವ ಹಾಗೆ ಒರೆಸುತ್ತ ಕೂತರು. ಅಕ್ಕ ಬಾಗಿಲ ಹತ್ತಿರ ನಿಂತು ನೋಡಿದಳು. ಆಮೇಲೆ ಅವಳು ‘ಪೀಡೆ’ ಎಂದದ್ದನ್ನು ನಾನು ಕೇಳಿಲ್ಲ.

ಮರುದಿನ ಬೆಳಿಗ್ಗೆ ಭಾವ ಘೋಷಿಸಿದರು: “ಭಾರದ ಗುಂಡು ಬೇಕು. ಭಾರ ಆದಷ್ಟೂ ಗುಂಡು ಮೇಲೆ ಹೋಗ್ತು.”

ಓದುಗರೇ, ನೀವೇ ಹೇಳಿ. ಭಾರವಾದದ್ದು ಮೇಲೆ ಹೋಗುತ್ತದೆಯೇ? ಹಲಸಿನ ಹಣ್ಣು ಮೇಲೆ ಹೋಗುತ್ತದೆಯೇ? ನನಗೆ ಗೊತ್ತಿರುವಂತೆ ಭಾರವಿದ್ದೂ ಮೇಲಕ್ಕೇರುವವರು ನಮ್ಮ ಕಚೇರಿಯ ಹೆಡ್ ಕ್ಲಾರ್ಕ್ ಒಬ್ಬರೇ! ನಾನು ಬಾಯಿಬಿಟ್ಟು ಹೇಳಿದೆ, “ಭಾವ, ಈಗಲೇ ಕೆಳಗೆ ಬೀಳ್ತಾ ಇದ್ದು. ಭಾರ ಮಾಡಿದ್ರೆ ನಿಮ್ಮ ಕಾಲ ಮೇಲೇ ಬೀಳ್ತು.” ಭಾವ ಟೊಪ್ಪಿ ಹಾಕಿಕೊಂಡು ಸೀಸ ಹುಡುಕಲು ಹೊರಟರು. ಹಿಂದೆ ನಾನು. ಅಂದು ತಲೆಯೊಳಗೆ ಹೊಕ್ಕ ಗೊಂದಲ ಇಂದಿಗೂ ಪೂರ್ತಿ ಹೊರಗೆ ಬಂದಿಲ್ಲ.

ದೋಣಿಯಲ್ಲಿ ಹೊಳೆಯ ನಡುವಿನ ಮಾವಿನಕುರ್ವೆಗೆ ಹೋದೆವು. ಬೀಸುಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡು ಬಲು ಮೆತ್ತನೆಯದು, ಭಾರದ್ದು ಎಂದು ಭಾವನ ಲೆಕ್ಕ. ದಡದಲ್ಲಿ ಒಬ್ಬ ಮುದುಕ ಬಲೆ ಸರಿಮಾಡುತ್ತ ಕೂತಿದ್ದ.

“ಎಂತ ಭಟ್ರೇ, ಬಲೆ ಬೀಸೂಕೆ ಸುರು ಮಾಡಿದ್ರಾ?”

“ಬಲೆ ಬೇಡ ಮಾರಾಯ, ಬಲೆಯ ಸೀಸ ಕೊಡು ಸಾಕು.”

“ಮೀನು?”

“ಮೀನೂ ಬೇಡ.”

“ಬಲೆ ಬೇಡ, ಮೀನು ಬೇಡ, ಸೀಸ ಎಂತಕ್ಕೆ?”

“ಕಾಗದಕ್ಕೆ ಹೊಡೆಯಲು.”

ಮುದುಕ ನನ್ನ ಕಡೆ ತಿರುಗಿ ದನಿ ತಗ್ಗಿಸಿದ, “ಇವ್ರು ಕಾಗದ ತಿಂತ್ರಾ?”

ಭಾವ ಅವನ ಎದುರು ಕುಕ್ಕರುಗಾಲಿನಲ್ಲಿ ಕೂತು ಭಾರದ ಗುಂಡು ಮೇಲಕ್ಕೆ ಹೋಗುವ ಸಂಗತಿಯನ್ನು ಶ್ರದ್ಧೆಯಿಂದ ವಿವರಿಸಿದರು. ಮುದುಕನೂ ಶ್ರದ್ಧೆಯಿಂದ ಕೇಳಿದ. ಕೇಳಿ, “ಹಂಗಾರೆ ನಾನು ಇಷ್ಟು ವರ್ಷ ಮೀನನ್ನ ನೀರಲ್ಲಿ ಹುಡ್ಕಿದ್ದೇ ತಪ್ಪಾತು, ಆಕಾಶಕ್ಕೇ ಬಲೆ ಬೀಸ್ಬೇಕಾಗಿತ್ತು!” ಎಂದ. ಸುತ್ತ ಮೀನು ಒಣಗಿಸುತ್ತಿದ್ದ ಹೆಂಗಸರೆಲ್ಲ ಕೊಂಕಣಿಯಲ್ಲಿ ನಕ್ಕರು. ಭಾವನೂ ಅವರ ಜೊತೆ ನಕ್ಕು, ಹಳೆಯ ಬಲೆಯ ಸೀಸವನ್ನು ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡರು. ಅದರ ಭಾರಕ್ಕೆ ಪಂಚೆ ಜಾರಿದ್ದರಿಂದ ಒಂದು ಸಂಗತಿ ಮಾತ್ರ ಸಿದ್ಧವಾಯಿತು: ಸೀಸ ಕೆಳಕ್ಕೇ ಹೋಗುತ್ತದೆ.

ಸೀಸ ಸಿಕ್ಕಿತು, ಆದರೆ ಭಾರದ ಗುಂಡಿಗೆ ಉದ್ದನೆಯ ಅಚ್ಚು ಬೇಕಲ್ಲ? ಅದು ಭಟ್ಕಳದಲ್ಲಿ ಸಿಕ್ಕಿತು. ಮುಂಬಯಿಯಿಂದ ಹಳೆಯ ಸಾಮಾನು ತರಿಸಿ ಮಾರುವ ನವಾಯತ ಮುಸಲ್ಮಾನ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಮುರುಕು ಗಡಿಯಾರಗಳ ನಡುವೆ ಎರಡು ಹಿಡಿಯ ಕಬ್ಬಿಣದ ಇಕ್ಕಳದಂಥವು ಎರಡು ಬಿದ್ದಿದ್ದವು. ಒಂದು ಸ್ವಲ್ಪ ಉದ್ದ, ಇನ್ನೊಂದು ಮತ್ತೂ ಉದ್ದ. ಭಾವನ ಮುಖ ಅರಳಿದ್ದನ್ನು ಕಂಡು ವ್ಯಾಪಾರಿ ಎದ್ದು ಬಂದರು.

“ಅಡಕೆ ಕತ್ತರಿ, ಸಾಹೇಬ್. ಅಸಲಿ ವಿಲಾಯತಿ.”

“ಇದಕ್ಕೆ ಹರಿತವೇ ಇಲ್ಲವಲ್ಲ ಸಾಹುಕಾರರೇ?” ಎಂದೆ ನಾನು.

“ಮುದುಕರಿಗೆ ಅದೇ ಚಲೋ. ಕೈ ಕೊಯ್ಯೋದಿಲ್ಲ!”

“ಅಡಕೆ ತುಂಡಾಗುವುದಿಲ್ಲವಲ್ಲ?”

“ಮುದುಕರಿಗೆ ಹಲ್ಲೇ ಇಲ್ಲ, ತುಂಡು ಮಾಡಿ ಯಾರಿಗೆ ಕೊಡ್ತೀರಿ?”

ಅವು ಗುಂಡು ಎರೆಯುವ ಅಚ್ಚುಗಳೆಂದು ಭಾವನಿಗೆ ಕಂಡ ಕೂಡಲೇ ತಿಳಿದಿತ್ತು. ಎರಡು ಅಚ್ಚುಗಳನ್ನೂ ಎದೆಗವಚಿಕೊಂಡು ಶರಾವತಿ ದಾಟುವ ತನಕ ಕೆಳಗಿಡಲಿಲ್ಲ.

ಆಮೇಲೆ ನಡೆದದ್ದು ತೂಕದ ಪರ್ವ. ಗುಂಡುಗಳೆಲ್ಲ ಒಂದೇ ತೂಕಕ್ಕೆ ಬರಬೇಕು, ಕೂದಲೆಳೆಯ ವ್ಯತ್ಯಾಸವೂ ಸಲ್ಲದು. ಭಾವನ ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ ತೂಕವೆಲ್ಲ ಗ್ರೇನಿನಲ್ಲಿತ್ತು. ಹೊನ್ನಾವರದ ಅಕ್ಕಸಾಲಿಗನ ತಕ್ಕಡಿಯಲ್ಲಿ ಗುಲಗಂಜಿಯಿತ್ತು. ಸರಕಾರ ಆಗಷ್ಟೇ ತೊಲವನ್ನು ತೆಗೆದು ಗ್ರಾಮನ್ನು ತಂದಿತ್ತು. ಗ್ರೇನನ್ನು ಗುಂಜಿ ಮಾಡಿ, ಗುಂಜಿಯನ್ನು ಗ್ರಾಮು ಮಾಡಿ, ಗ್ರಾಮನ್ನು ಮತ್ತೆ ಗ್ರೇನು ಮಾಡಿದರೆ ಹೊರಟದ್ದೊಂದು ಗುಂಡು, ಬಂದದ್ದೊಂದು ಗುಂಡು! ನಾನು ಲೆಕ್ಕ ಹಾಕಿದರೆ ಒಂದು ಗುಂಡು ನಮ್ಮ ಅಕ್ಕನಷ್ಟು ತೂಗುತ್ತಿತ್ತು. ಕೊನೆಗೆ ಭಾವ ಅಂಕೆಗಳನ್ನೆಲ್ಲ ಬಿಟ್ಟು, ತಕ್ಕಡಿಯ ಒಂದು ತಟ್ಟೆಯಲ್ಲಿ ಒಂದು ಗುಂಡು, ಇನ್ನೊಂದರಲ್ಲಿ ಇನ್ನೊಂದನ್ನಿಟ್ಟು, ಸಮವಾದವನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಮತ್ತೆ ಕರಗಿಸತೊಡಗಿದರು. ದಿನವೂ ಸಂಜೆ ಅಕ್ಕಸಾಲಿಗನ ಜಗಲಿಯಲ್ಲೇ ವಾಸ. “ನಮ್ಮ ಮದುವೆಯಲ್ಲಿ ಎನ್ನ ಬಳೆ ಎಷ್ಟು ತೂಗ್ತು ಹೇಳಿ ಒಂದಿನ ಕೇಳಿದ್ರಿಲ್ಲೆ, ಈಗ ಸೀಸ ತೂಗಲೆ ದಿನಾ ಹೋಗ್ತ್ರಿ” ಎಂದಳು ಅಕ್ಕ. “ನಿನ್ನ ಬಳೆ ಹಾರಿಸದಿಲ್ಯಲೇ” ಎಂದರು ಭಾವ. ಅಂದು ರಾತ್ರಿ ಹುಳಿಗೆ ಉಪ್ಪಿರಲಿಲ್ಲ.

ಮೂರು ಅಚ್ಚಿಗೆ ಮೂರು ತೂಕದ ಗುಂಡುಗಳಾದವು. ಭಾವ ಅವಕ್ಕೆ ಹೆಸರಿಟ್ಟರು. ಅತಿ ಭಾರದ್ದು ಅಜ್ಜ, ನಡುವಿನದು ಮಾವ, ಹಗುರಾದದ್ದು ಮಾಣಿ. ನನ್ನನ್ನು ಕರೆಯುವ ಹೆಸರನ್ನೇ ಹಗುರಾದದ್ದಕ್ಕೆ ಯಾಕೆ ಇಟ್ಟಿರಿ ಎಂದು ನಾನು ಕೇಳಲಿಲ್ಲ. ಕೆಲವು ಪ್ರಶ್ನೆಗಳಿಗೆ ಉತ್ತರ ಗೊತ್ತಿರುತ್ತದೆ.

ತಮಾಷೆಯೆಂದರೆ, ತೋಟೆಯೊಳಗೆ ಕೂರಿಸಿದ ಮೇಲೆ ಮೂರೂ ಒಂದೇ ಥರ ಕಾಣುತ್ತಿದ್ದವು. ಅಜ್ಜನ ಉದ್ದವೆಲ್ಲ ತೋಟೆಯ ಹೊಟ್ಟೆಯೊಳಗೆ. ಹೊರಗೆ ಕಾಣುವ ಮೂತಿ ಎಲ್ಲರದ್ದೂ ಒಂದೇ. “ಸುಣ್ಣದ ಬೊಟ್ಟಾದ್ರೂ ಇಡಿ ಭಾವ” ಎಂದೆ. “ಬೊಟ್ಟಿಡಲೆ ಇದೆಂತ ಮದುಮಗಳನಾ?” ಎಂದರು. ಅಕ್ಕ ಮೂಲೆಗೆ ಹಾಕಿದ್ದ ಹಳೆಯ ಒಗ್ಗರಣೆ ಡಬ್ಬಿಯೊಂದನ್ನು ತೊಳೆದು, ಅದರ ಮೂರು ಬಟ್ಟಲುಗಳಲ್ಲಿ ಅಜ್ಜ, ಮಾವ, ಮಾಣಿಯರನ್ನು ಬೇರೆ ಬೇರೆ ಇಟ್ಟರು. ಯಾರು ಯಾರೆಂಬುದು ಗೊತ್ತಾಗುತ್ತಿದ್ದದ್ದು ಆ ಬಟ್ಟಲುಗಳಿಂದ ಮಾತ್ರ.

ಪರೀಕ್ಷೆ ನಡೆದದ್ದು ಊರ ಹೊರಗೆ, ಚಿರೆಕಲ್ಲು ಕಡಿದು ಬಿಟ್ಟ ಆಳದ ಹೊಂಡದಲ್ಲಿ. ನೋಡಲು ಹೈಸ್ಕೂಲಿನ ವಿಜ್ಞಾನದ ಮಾಸ್ತರರೂ ಬಂದಿದ್ದರು, ಶಾಸ್ತ್ರದ ಮರ್ಯಾದೆ ಕಾಯಲಿಕ್ಕೆ. ತೆಂಗಿನ ಮಡಲಿನ ತಟ್ಟಿಗೆ ಕಾಗದ ಅಂಟಿಸಿದೆವು. ಭಾವ ಮಾಣಿಯನ್ನು ಹಾರಿಸಿದರು. ನಾಲ್ಕು ಬೆರಳು ಕೆಳಗೆ. ಮಾವನನ್ನು ಹಾರಿಸಿದರು. ಮೇಲೆ ಬಂದು ಕಪ್ಪಿನ ಕೆಳ ಅಂಚಿಗೆ ತಾಗಿತು. ಮಾಸ್ತರರು ಕನ್ನಡಕ ಒರೆಸಿಕೊಂಡರು. ಅಜ್ಜನನ್ನು ಹಾರಿಸಿದರು. ಕಪ್ಪಿನ ನಟ್ಟನಡುವೆ!

ನಾನು ಕಾಗದವನ್ನು ತಲೆಕೆಳಗು ಅಂಟಿಸಿದ್ದೇನೋ ಎಂದು ಹೋಗಿ ನೋಡಿ ಬಂದೆ. ಇಲ್ಲ, ಸರಿಯಾಗಿಯೇ ಇತ್ತು.

“ಗಾಳಿ” ಎಂದರು ಮಾಸ್ತರರು.

“ಹೊಂಡದೊಳಗೆ ಎಂತ ಗಾಳಿ ಮಾಸ್ತರ್ರೇ?”

“ಕೆಳಗಿನಿಂದ ಮೇಲೆ ಬೀಸುವ ಗಾಳಿ.”

ಭಾವ ನಗುತ್ತ ನನಗೆ ಬಿಡಿಸಿ ಹೇಳಿದರು. “ನೋಡು ಮಾಣಿ, ಗುಂಡು ಹೊರಡಕಾದ್ರೆ ರಿವಾಲ್ವರಿನ ಮೂತಿ ಮೇಲೆ ಏಳ್ತು. ಹಗುರದ್ದು ಸಣ್ಣ ಹುಡುಗ್ರು ಇದ್ದಂಗೆ, ಬಾಗ್ಲು ತೆಗೆದ ಕೂಡ್ಲೆ ಓಡಿ ಹೋಗ್ತು. ಭಾರದ್ದು ಅಜ್ಜ. ಅಂವ ಕೋಲು ಹಿಡಕಂಡು, ಕೆಮ್ಮಿ, ಹೊಸ್ತಿಲು ದಾಟದ್ರೊಳಗೆ ಬಾಗ್ಲೇ ಮೇಲೆ ಎದ್ದು ಹೋಗಿರ್ತು. ಹಂಗಾಗಿ ಅಂವ ಮೇಲೆ ಹೋಗ್ತ.” ಕೇಳುವಾಗ ನನಗೆ ಪೂರ್ತಿ ಅರ್ಥವಾಯಿತು. ಹೊಟೇಲಿಗೆ ಹೋಗಿ ಇನ್ನೊಬ್ಬರಿಗೆ ಹೇಳುವಷ್ಟರಲ್ಲಿ ಅಜ್ಜ ಬಾಗಿಲಲ್ಲೇ ಉಳಿದು, ಮನೆಯೇ ಮೇಲೆ ಹೋಗಿತ್ತು!

ಅಜ್ಜನೇ ಗೆದ್ದ ಎಂದ ಮೇಲೂ ಭಾವನ ಅನುಮಾನ ತೀರಲಿಲ್ಲ. ಕುಮಟೆಯ ಬಯಲಿನಲ್ಲಿ ಅಜ್ಜ ಒಂದು ಕೂದಲು ಜಾಸ್ತಿ ಮೇಲೆ ಹೋದರೆ? ಅಂಚೆಯವನನ್ನು ಕೇಳಿದರು, ದೇವಸ್ಥಾನದ ಭಟ್ಟರನ್ನು ಕೇಳಿದರು, ಕ್ಷೌರ ಮಾಡಿಸಿಕೊಳ್ಳುತ್ತ ಕ್ಷೌರದವನನ್ನು ಕೇಳಿದರು, “ಅಜ್ಜನೋ, ಮಾವನೋ?” ಅವನು ಕತ್ತಿ ಎತ್ತಿ ಹಿಡಿದು, “ಯಾರ ಆಸ್ತಿ ಜಾಸ್ತಿ ಇದೆ ಒಡೆಯಾ?” ಎಂದ. ಕಡೆಗೆ ಭಾವ ಅಜ್ಜನ ಬಟ್ಟಲನ್ನು ತುಂಬ ತುಂಬಿದರು. ಮಾವ ಅರ್ಧ ಬಟ್ಟಲು, ಅಕಸ್ಮಾತ್ ಬೇಕಾದರೆ. ಮಾಣಿ ನಾಲ್ಕಾರು, ಬಿಟ್ಟು ಹೋದರೆ ಬೇಸರವಾದೀತೆಂದು. ಯಾರಿಗೆ ಬೇಸರ ಎಂದು ದಯವಿಟ್ಟು ಕೇಳಬೇಡಿ.

ಸ್ಪರ್ಧೆಯ ದಿನ ಬೆಳಿಗ್ಗೆ ಭಾವ ಸ್ನಾನ ಮುಗಿಸಿ ಬರುವಷ್ಟರಲ್ಲಿ ಡಬ್ಬಿ ಜಗಲಿಯ ಮೇಲೆ ಸಿದ್ಧವಾಗಿತ್ತು. ಅಕ್ಕ ಅದನ್ನು ತನ್ನ ಹಳೆಯ ಸೀರೆಯ ತುಂಡಿನಲ್ಲಿ ಗಟ್ಟಿಯಾಗಿ ಸುತ್ತಿ, ಗಂಟಿನ ಮೇಲೆ ಗಂಟು ಹಾಕಿದ್ದಳು. “ಬಸ್ಸಿನಲ್ಲಿ ಅಲ್ಲಾಡಲಾಗ ಹೇಳಿ ಆನೇ ಕಟ್ಟಿಟ್ಟಿದ್ದಿ. ಮದ್ದು ಇಪ್ಪ ಸಾಮಾನು” ಎಂದಳು, ನೆಲ ನೋಡುತ್ತ. ಭಾವ ಆ ಗಂಟನ್ನೇ ನೋಡಿದರು. “ಹಾಂ” ಎಂದು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಬಸ್ಸಿನಲ್ಲಿ ಕುಮಟೆಯವರೆಗೂ ಆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡು ಸಲ ನನ್ನ ಕಡೆ ತಿರುಗಿ, “ನಿನ್ನ ಅಕ್ಕನೇ ಕಟ್ಟಿದ್ದು, ಕಂಡ್ಯಾ?” ಎಂದರು.

ಕುಮಟೆಯ ಬಯಲಿನಲ್ಲಿ ಶಾಮಿಯಾನ, ಕುರ್ಚಿ, ಪೊಲೀಸರು, ಕಡಲೆ ಮಾರುವವರು. ಭಾವನ ಸರದಿ ಬರುವ ಹೊತ್ತಿಗೆ ಗಂಟು ಬಿಚ್ಚಿ ಡಬ್ಬಿಯ ಮುಚ್ಚಳ ತೆಗೆದೆವು.

ಮೂರು ಬಟ್ಟಲುಗಳೂ ಸಮವಾಗಿದ್ದವು.

ಅಂದವಾಗಿ, ಒಂದರಷ್ಟೇ ಇನ್ನೊಂದು, ಮೇಲೆ ಅರಳೆಯ ಹಾಸು ಬೇರೆ. ಅಡುಗೆಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ಸಾಮಾನು ಮೂರು ಬಟ್ಟಲಲ್ಲಿ. ಒಂದು ತುಳುಕುತ್ತಿದೆ, ಒಂದು ಬರಿದಾಗಿ ಲೊಡಲೊಡ ಎನ್ನುತ್ತಿದೆ. ಬಸ್ಸು ಕುಲುಕಿದರೆ ಏನು ಗತಿ? ಯಾವ ಗೃಹಿಣಿ ತಾನೇ ಅದನ್ನು ಹಾಗೇ ಬಿಟ್ಟಾಳು? ಅಕ್ಕ ಜೀವಮಾನದಲ್ಲಿ ಮೊದಲ ಸಲ ಆ ಗುಂಡುಗಳನ್ನು ಮುಟ್ಟಿದ್ದಳು. ಮುಟ್ಟಿ, ಅಜ್ಜ, ಮಾವ, ಮಾಣಿಯರನ್ನೆಲ್ಲ ಹಂಚಿ ಸಮ ಮಾಡಿದ್ದಳು!

“ಭಾವ, ಯಾವ್ದು ಯಾವ್ದು?”

“ಸುಮ್ನಿರು.”

ಭಾವ ಎರಡು ಅಂಗೈಗಳಲ್ಲಿ ಎರಡು ತೋಟೆ ಇಟ್ಟು ಕಣ್ಣು ಮುಚ್ಚಿ ತೂಗಿದರು. ಬದಲಿಸಿ ತೂಗಿದರು. ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಕೊನೆಗೆ ಸಾಹೇಬರ ಕುರ್ಚಿಯ ಬಳಿಗೆ ಹೋಗಿ ವಿನಯದಿಂದ, “ಇಲ್ಲಿ ಹತ್ತಿರದಲ್ಲಿ ಯಾರಾದರೂ ಅಕ್ಕಸಾಲಿಗರು ಇದ್ದಾರೆಯೇ?” ಎಂದರು.

ಸಾಹೇಬರು ಕುರ್ಚಿಯಿಂದ ಮುಂದೆ ಬಾಗಿದರು. “ಏನ್ರೀ, ಗುರಿ ಹೊಡೆಯೋದಕ್ಕೆ ಬಂದಿದೀರೋ, ಮಾಂಗಲ್ಯ ಮಾಡಿಸೋದಕ್ಕೆ ಬಂದಿದೀರೋ?”

ಬಯಲೆಲ್ಲ ನಕ್ಕಿತು. ಹೆಸರು ಕೂಗಿಯಾಗಿತ್ತು. ಭಾವ ಕೈಗೆ ಬಂದ ಆರನ್ನು ತುಂಬಿಕೊಂಡು ಗೆರೆಯ ಮೇಲೆ ನಿಂತರು. ಎಡಗೈ ಹಿಂದೆ, ಬಲಗೈ ಮುಂದೆ, ಒಂದು ಕಣ್ಣು ಮುಚ್ಚಿ. ಅಷ್ಟು ಸಲ ನಾನು ಆಡಿ ತೋರಿಸಿದ್ದ ಭಂಗಿ ಅಂದು ನೋಡಲು ಹಾಗೆ ಇರಲೇ ಇಲ್ಲ.

ಆರೂ ಹಾರಿದವು. ಕಾಗದ ತಂದರು. ಮೂರು ತೂತು ಕಪ್ಪಿನ ನಡುವೆ, ಒಂದರ ಕೆನ್ನೆಗೆ ಒಂದು ಹಚ್ಚಿಕೊಂಡು. ಒಂದು ಕಪ್ಪಿನ ಅಂಚಿನ ಕೂದಲೆಳೆ ಕೆಳಗೆ. ಎರಡು ಪೂರಾ ಕೆಳಗೆ. ಮೇಲಿನಿಂದ ಕೆಳಕ್ಕೆ ನೂಲು ಹಿಡಿದು ಎಳೆದ ಹಾಗೆ ಒಂದೇ ಗೆರೆ, ಎಡಕ್ಕೋ ಬಲಕ್ಕೋ ಎಳ್ಳಷ್ಟೂ ಸರಿದಿಲ್ಲ! ನಡುಗುವ ಕೈ ನಾಲ್ಕು ದಿಕ್ಕಿಗೂ ಚೆಲ್ಲುತ್ತದೆ. ಇದು ಕಲ್ಲಿನಂಥ ಕೈ ಎಂದು ಆ ಕಾಗದವೇ ಕೂಗಿ ಹೇಳುತ್ತಿತ್ತು. ಆದರೆ ಸಾಹೇಬರು ಎಣಿಸಿದರೇ ಹೊರತು ಓದಲಿಲ್ಲ.

“ಮೂರು. ನಾಲ್ಕು ಬೇಕಿತ್ತು.” ಅಷ್ಟು ಹೇಳಿ ಅವರಿಗೂ ಕೆಡುಕೆನಿಸಿತೋ ಏನೋ. “ನೋಡಿ, ತೋಟೆಯಲ್ಲಿ ಏನಾದರೂ ಎಡವಟ್ಟಾಗಿದ್ದರೆ ಹೇಳಿ. ಸಂಜೆಯೊಳಗೆ ಸರಿಮಾಡಿಕೊಂಡು ಬನ್ನಿ, ಇನ್ನೊಂದು ಸಲ ಬಿಡುತ್ತೇನೆ.”

ನನ್ನ ಜೀವ ಮರಳಿ ಬಂತು. ಪೇಟೆಯಲ್ಲಿ ಅಕ್ಕಸಾಲಿಗರು ಬೇಕಾದಷ್ಟಿದ್ದರು. ತೂಗಿ, ಅಜ್ಜಂದಿರನ್ನು ಆರಿಸಿ ತಂದರಾಯಿತು! “ಸಾಹೇಬರೇ, ನಮ್ಮ ಅಕ್ಕ...” ಎಂದು ಬಾಯಿ ತೆರೆದೆ. ಭಾವನ ಚಪ್ಪಲಿ ನನ್ನ ಪಾದದ ಮೇಲೆ ಬಲವಾಗಿ ಬಂತು. ಕುಮಟೆಯ ಬಯಲಿನಲ್ಲಿ ಆಡಿದ ಮಾತು ಬಸ್ಸಿಗಿಂತ ಮೊದಲು ಹೊನ್ನಾವರ ಮುಟ್ಟುತ್ತದೆ. ಬಾವಿಕಟ್ಟೆಯಲ್ಲಿ, ಹೊಟೇಲಿನಲ್ಲಿ, ಎಲ್ಲರ ಬಾಯಲ್ಲಿ ಅಕ್ಕ. ಅದನ್ನು ಎಲ್ಲರಿಗಿಂತ ಚೆನ್ನಾಗಿ ಆಡಿ ತೋರಿಸುವವನು ಅವರ ಪಕ್ಕದಲ್ಲೇ ನಿಂತಿದ್ದ.

“ತೋಟೆ ಸರಿ ಇದ್ದವು” ಎಂದರು ಭಾವ. “ಕೈ ನಡುಗಿತು.”

“ವಯಸ್ಸು” ಎಂದರು ಸಾಹೇಬರು ಮೆಲ್ಲಗೆ.

“ಹೌದು, ವಯಸ್ಸು.”

ಪಿಸ್ತೂಲನ್ನು ಅಲ್ಲೇ ಜಮಾ ಮಾಡಿದೆವು. ಬರೆದುಕೊಂಡ ಪೊಲೀಸಿನವನು ‘ಪಿಸ್ತೂಲು ಒಂದು’ ಎಂದು ಗಟ್ಟಿಯಾಗಿ ಓದಿದ. ಭಾವ ಅವನನ್ನು ತಿದ್ದಲಿಲ್ಲ.

ಮನೆಯಲ್ಲಿ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಭಾವನ ಬರಿಗೈ ನೋಡಿ ಅವಳಿಗೆ ತಿಳಿಯಿತು. ಆದರೂ ಕೇಳಿದಳು, “ಡಬ್ಬಿ ಅಲ್ಲಾಡ್ತಾ?”

“ಇಲ್ಲೆ. ನೀ ಚೊಲೋ ಕಟ್ಟಿದ್ದೆ.”

“ಮತ್ತೆಂತ ಆತು?”

ಭಾವ ಟೊಪ್ಪಿ ತೆಗೆದು ಗೂಟಕ್ಕೆ ಹಾಕಿದರು. “ಕೈ ನಡುಗಿ ಹೋತು.”

ಅಕ್ಕ ಅವರ ಬಲಗೈಯನ್ನು ತೆಗೆದುಕೊಂಡು, ಮೇಲೆ ಕೆಳಗೆ ಮಾಡಿ, ಕಳೆದುಹೋದದ್ದೇನನ್ನೋ ಹುಡುಕುವ ಹಾಗೆ ನೋಡಿದಳು. ಆಮೇಲೆ ಒಳಗೆ ಹೋಗಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು, ಆ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಬೆರಳು ಬೆರಳಿಗೂ ತಿಕ್ಕತೊಡಗಿದಳು. ಕೈ ಚಿರೆಕಲ್ಲಿನ ಹಾಗೆ ನಿಶ್ಚಲವಾಗಿ ಬಿದ್ದಿತ್ತು. ಅಕ್ಕ ತಿಕ್ಕುವುದನ್ನು ನಿಲ್ಲಿಸಿ ಮುಖವೆತ್ತಿದಳು. “ಈಗ ನಡುಗ್ತಾ ಇಲ್ಯಲೀ?”

ಭಾವ ನನ್ನ ಕಡೆ ಒಮ್ಮೆ ನೋಡಿದರು. ಕೈ ನಡುಗತೊಡಗಿತು.

ಅನುಕರಣೆಯೇ ಕಸುಬಾದ ನಾನು ಹೇಳುತ್ತೇನೆ: ಅಷ್ಟು ಕೆಟ್ಟ ಅನುಕರಣೆಯನ್ನು ನಾನು ಎಲ್ಲೂ ಕಂಡಿಲ್ಲ. ಬೆರಳು ಸುಮ್ಮನಿವೆ, ಮೊಣಕೈ ಕುಣಿಯುತ್ತಿದೆ! ದೇವರ ಮುಂದೆ ಗಂಟೆ ಅಲ್ಲಾಡಿಸುವವರೂ ಹಾಗೆ ಅಲ್ಲಾಡಿಸುವುದಿಲ್ಲ. ಲೋಕದಲ್ಲಿ ಯಾವ ಮುದುಕನ ಕೈಯೂ ಹಾಗೆ ನಡುಗುವುದಿಲ್ಲ. ತಿದ್ದಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅಕ್ಕ ಮಾತ್ರ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು, “ಹಗೂರ... ಹಗೂರ...” ಎಂದಳು.